ಬಿದ್ದವನಿಗೆ ದಂಡನೆಯೋ, ಕರುಣೆಯೋ?



ಕಥೋಲಿಕ ವಿಶ್ವಾಸಿಯಾಗಿದ್ದ ಆಂಗ್ಲ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರ ಅದ್ಭುತ ಕಾದಂಬರಿ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೆಯ ಹಾಗೂ ಕೊನೆಯ ಸಂಪುಟ 1955ರಲ್ಲಿ ಪ್ರಕಟವಾಯಿತು. ದುಷ್ಟಶಕ್ತಿಯ ಉಂಗುರವನ್ನು ನಾಶಮಾಡಲೆಂದು ಅಗ್ನಿಪರ್ವತದವರೆಗೆ ಹೊತ್ತುತಂದ ಫ್ರೋಡೋ, ಕೊನೆಯ ಗಳಿಗೆಯಲ್ಲಿ ಅದನ್ನು ಎಸೆಯಲಾರದೆ ತನ್ನದೆಂದು ಸಾರುತ್ತಾನೆ. ಇಂಥ ದ್ರೋಹಿಗೆ ಸಲ್ಲಬೇಕಾದುದು ಗೌರವವಲ್ಲ, ಮರಣದಂಡನೆ ಎಂದು ಓದುಗರೊಬ್ಬರು ಲೇಖಕರಿಗೆ ಕಟುವಾಗಿ ಬರೆದರು.

ಆ ಓದುಗರು ಕಥೆಯ ತಿರುಳನ್ನೇ ಕಾಣಲಿಲ್ಲ. ಉಂಗುರದ ದಾಸನಾಗಿದ್ದ ಗೊಲ್ಲಮನನ್ನು ಕೊಲ್ಲಬಹುದಾಗಿದ್ದಾಗ ಫ್ರೋಡೋ ಕನಿಕರದಿಂದ ಉಳಿಸಿದ್ದನು. ಅದೇ ಗೊಲ್ಲಮ್ ಉಂಗುರವನ್ನು ಕಸಿದುಕೊಂಡು ಬೆಂಕಿಯ ಕಮರಿಗೆ ಬೀಳುತ್ತಾನೆ, ಲೋಕ ಉಳಿಯುತ್ತದೆ. ಫ್ರೋಡೋವಿನ ಬಲ ಸೋತಲ್ಲಿ ಅವನು ಹಿಂದೆ ತೋರಿದ ಕರುಣೆ ಗೆದ್ದಿತು.

ಆದರೆ ಆ ಓದುಗರನ್ನು ಹಳಿಯಲು ನಾವು ಯಾರು? ಧರ್ಮಕೇಂದ್ರಕ್ಕಾಗಿ ವರ್ಷಗಟ್ಟಲೆ ದುಡಿದವನು ಒಮ್ಮೆ ಎಡವಿದರೆ, ಕುಡಿತ ಬಿಟ್ಟವನು ಮತ್ತೆ ಕುಡಿದರೆ, ದೇವಾಲಯದ ಅಂಗಳದಲ್ಲೇ ತೀರ್ಪು ಕೊಡುವವರು ನಾವಲ್ಲವೇ? ಶೋಧನೆಯಿಂದ ಕಾಪಾಡೆಂದು ದಿನವೂ ಬೇಡುವವರು, ಶೋಧನೆಯಲ್ಲಿ ಬಿದ್ದವನ ಮೇಲೆ ಕಲ್ಲೆತ್ತುವುದು ಯಾವ ನ್ಯಾಯ? ಮೂರು ಬಾರಿ ಅರಿಯೆನೆಂದ ಪೇತ್ರನಿಗೇ ಪ್ರಭು ತಮ್ಮ ಕುರಿಗಳನ್ನು ಒಪ್ಪಿಸಿದರು. ನಮ್ಮ ಕೈಯ ಕಲ್ಲು ಕೆಳಗಿಳಿಯಲಿ.