ತಿದ್ದಿದರೆ ಅಕ್ಷರ ಬಂದುಬಿಡುತ್ತಾ?



ನನ್ನ ತಂಗಿ ಒಂದನೇ ಕ್ಲಾಸು. ದಿನಾ ಸಂಜೆ ನಾನು ಸ್ಲೇಟಿನಲ್ಲಿ ಅಕ್ಷರ ಬರೆದುಕೊಡುವುದು, ಅವಳು ಅದರ ಮೇಲೆಯೇ ಬಳಪದಿಂದ ತಿದ್ದುವುದು. ದಪ್ಪಗೆ ಚೆಂದಾಗಿ ಕಾಣುತ್ತಿತ್ತು. ಅವ್ವನಿಗೂ ಸಂತೋಷ. ಒಂದಿನ ಸ್ಲೇಟು ಒರೆಸಿ "ಈಗ ನೀನೇ ಕ ಬರಿ" ಅಂದೆ. ಕವಲಂದೆ ಸ್ಟೇಷನ್ ಬೋರ್ಡು ನೋಡಿ "ಕ, ಕ" ಅಂತ ಕೂಗುವವಳು, ಬಳಪ ಹಿಡ್ಕೊಂಡು ನನ್ನ ಮುಖ ನೋಡುತ್ತಾ ಕೂತಳು!

ಆಮೇಲೆ ಪಕ್ಕದಲ್ಲೇ ಕೂತು ಗಮನಿಸಿದೆ. ಒಂದು ಸಲ ಎಡಗಡೆಯಿಂದ ತಿದ್ದುತ್ತಾಳೆ, ಇನ್ನೊಂದು ಸಲ ಬಲಗಡೆಯಿಂದ. ಕೆಲವು ಸಲ ತಲೆಕಟ್ಟೇ ಮೊದಲು. ತಿದ್ದಿ ಮುಗಿದ ಮೇಲೆ ಎಲ್ಲಾ ಒಂದೇ ಥರ, ಕೈ ಹೋದ ದಾರಿ ಕಾಣೋದೇ ಇಲ್ಲ.

ತಿದ್ದಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕೈಗೆ ತಿರುವು ತಿಳಿಯೋಕೆ ಬೇಕು. ಎರಡು ಮೂರು ಸಲ ಸಾಕು, ಆಮೇಲೆ ಒರೆಸಿ ನೋಡದೆ ಬರೆಸಬೇಕು. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ ಶುರುವಾದ ನಲಿ-ಕಲಿಯಲ್ಲಿ ಮೊದಲು ರ, ಗ, ಸ, ದ, ಅ ಕಲಿಸುತ್ತಾರೆ. ಈ ಐದೇ ಬಂದರೆ ಸರ, ಅರಸ, ಗರಗಸ ಎಲ್ಲಾ ಬರೀಬಹುದು. ಸ್ಲೇಟು ತುಂಬಾ ತಿದ್ದಿಸಿ ಏನು ಪ್ರಯೋಜನ?

ನಮ್ಮಜ್ಜಿ ಮೊರದಲ್ಲಿ ರಾಗಿ ಹರವಿಕೊಟ್ಟರು. ಬೆರಳಲ್ಲಿ ಬರೆದು ಮೊರ ಅಲ್ಲಾಡಿಸಿದರೆ ಅಕ್ಷರ ಮಾಯ, ಮೇಲೆ ತಿದ್ದೋಕೆ ಏನೂ ಉಳಿಯೋಲ್ಲ.

ಬೇಜಾರು ಮಾಡ್ಕೋಬೇಡಿ ಸಾರ್, ತಿದ್ದಿದ ಸ್ಲೇಟಿಗೆ ರೈಟು ಹಾಕುವ ಮುಂಚೆ ಒಂದಕ್ಷರ ಒರೆಸಿ ಬರೆಸಿ ನೋಡಿ.

ಮೊನ್ನೆ ತಂಗಿ ತಾನೇ 'ಗರಗಸ' ಬರೆದಳು. ಸೊಟ್ಟಸೊಟ್ಟಗಿದೆ. "ಮೊದ್ಲೇ ಚೆಂದಾಗಿತ್ತಲ್ಲ" ಅಂದಳು ಅವ್ವ. ನಾನಂತೂ ಆ ಸ್ಲೇಟು ಎರಡು ದಿನ ಒರೆಸೋಕೆ ಬಿಡಲಿಲ್ಲ.

– ಏಳನೇ ತರಗತಿ ವಿದ್ಯಾರ್ಥಿನಿ