ಕೆರೆಯ ಶಾಸನಗಳನ್ನು ಓದಿದ ಪ್ರಾಧ್ಯಾಪಕ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಶಾಸನಸ್ತಂಭವನ್ನು ಮಲೆನಾಡಿನ ಅನೇಕ ವಿದ್ಯಾರ್ಥಿಗಳು ಬಲ್ಲರು. ಮಯೂರಶರ್ಮನು ಕಂಚಿಗೆ ಹೋದದ್ದು, ಅಪಮಾನಿತನಾದದ್ದು, ಶಾಸ್ತ್ರವನ್ನು ಬಿಟ್ಟು ಶಸ್ತ್ರ ಹಿಡಿದದ್ದು ಎಲ್ಲರಿಗೂ ಬಾಯಿಪಾಠ. ಆದರೆ ಆ ಶಾಸನ ಹುಟ್ಟಿದ್ದು ಯುದ್ಧವೊಂದರ ನೆನಪಿಗಲ್ಲ. ಐದನೆಯ ಶತಮಾನದಲ್ಲಿ ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಕೆರೆಯ ನೆನಪಿಗೆ. ಪಠ್ಯಪುಸ್ತಕಗಳು ಕತ್ತಿಯನ್ನು ಉಳಿಸಿಕೊಂಡವು, ಕೆರೆಯನ್ನು ಕೈಬಿಟ್ಟವು.

ಹಾಗೆ ಕೈಬಿಟ್ಟದ್ದನ್ನು ಎತ್ತಿಕೊಂಡವರಲ್ಲಿ ಡಾ. ಜಿ.ಎಸ್. ದೀಕ್ಷಿತರು ಪ್ರಮುಖರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಅವರು 1964ರಲ್ಲಿ ಮಧ್ಯಕಾಲೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರು. ಅರಸರ ವಂಶಾವಳಿಯಿಂದ ಕಣ್ಣು ತೆಗೆದು ಊರು, ನಾಡು, ಗಾವುಂಡ, ಮಹಾಜನರ ಕಡೆಗೆ ನೋಡುವ ಅಭ್ಯಾಸ ಅಲ್ಲಿಯೇ ಕಾಣುತ್ತದೆ. ಕೆಳದಿಯ ಇತಿಹಾಸದ ಲೇಖನಗಳನ್ನು ಸಂಪಾದಿಸಿ 1981ರಲ್ಲಿ ಮಿಥಿಕ್ ಸೊಸೈಟಿಯ ಮೂಲಕ ಹೊರತಂದದ್ದಕ್ಕಾಗಿ ಮಲೆನಾಡು ಅವರಿಗೆ ಋಣಿ. ಆದರೆ ಇಂದು ಮುಖ್ಯವಾಗಿ ನೆನೆಯಬೇಕಾದದ್ದು ನಿವೃತ್ತಿಯ ನಂತರದ ದುಡಿಮೆಯನ್ನು. ಜಿ.ಆರ್. ಕುಪ್ಪುಸ್ವಾಮಿ ಮತ್ತು ಎಸ್.ಕೆ. ಮೋಹನ್ ಅವರೊಂದಿಗೆ ಸಿದ್ಧಪಡಿಸಿದ ಕರ್ನಾಟಕದ ಕೆರೆ ನೀರಾವರಿಯ ಚಾರಿತ್ರಿಕ ಸಮೀಕ್ಷೆಯನ್ನು ಬೆಂಗಳೂರಿನ ಗಾಂಧಿ ಸಾಹಿತ್ಯ ಸಂಘ 1993ರಲ್ಲಿ ಪ್ರಕಟಿಸಿತು. ವಿಶ್ರಾಂತಿಯ ವಯಸ್ಸಿನಲ್ಲಿ ಹೂಳು, ತೂಬು, ಕೋಡಿಗಳ ಲೆಕ್ಕಕ್ಕೆ ಕುಳಿತ ಇತಿಹಾಸಕಾರರು ಎಷ್ಟು ಮಂದಿ?

ಈ ಬಗೆಯ ಓದಿನಿಂದ ತಿಳಿಯುವುದೇನು? ಕೆರೆಯನ್ನು ಕಟ್ಟಿಸಿದವನ ಹೆಸರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕೆರೆಯನ್ನು ಉಳಿಸುವ ಏರ್ಪಾಡನ್ನು ಶಾಸನಗಳು ಹೇಳುತ್ತವೆ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ ಅಥವಾ ಫಲದ ಪಾಲು ಬಿಟ್ಟುವಟ್ಟ. ಕಟ್ಟಿಸಿದವನಿಗೆ, ಜೀರ್ಣೋದ್ಧಾರ ಮಾಡಿದವನಿಗೆ ಕೊಟ್ಟದ್ದು ಕಟ್ಟುಕೊಡುಗೆ. ಹೂಳು ಹೊರುವ ಕೆರೆಬಂಡಿಗೂ ದತ್ತಿ ಇತ್ತು. ಬೇಸಿಗೆಯಲ್ಲಿ ಬಂಡಿಯೇರಿದ ಗೋಡುಮಣ್ಣು ಗದ್ದೆಗೆ ಬಿದ್ದರೆ ಜೇಡಿಯೂ ಸಾವಯವ ಅಂಶವೂ ಭೂಮಿಗೆ ಮರಳುತ್ತಿದ್ದವು. ಕೆರೆಗೆ ಆಳ, ಗದ್ದೆಗೆ ಗೊಬ್ಬರ. ಆ ಕೆಲಸಕ್ಕೆ ಯಾವ ಇಲಾಖೆಯ ಅಂದಾಜುಪಟ್ಟಿಯೂ ಬೇಕಿರಲಿಲ್ಲ.

ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369ರ ಸಂಸ್ಕೃತ ಶಾಸನ ಇನ್ನೂ ಮುಂದೆ ಹೋಗುತ್ತದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನ ಆ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವಂತೆ. (ನದಿಜಗಳಗಳನ್ನು ಕಂಡವರು ನಕ್ಕುಬಿಡಲಾರರು.) ನೀರು ಕಡಿಮೆಯಾಗಿ ಹರವು ಹೆಚ್ಚಾಗಿರುವುದು ಇನ್ನೊಂದು. ಹೂಳು ತುಂಬಿದ ಕೆರೆಯ ಲಕ್ಷಣವೂ ಇದೇ: ತೆಳುವಾಗಿ ಹರಡಿದ ನೀರು ಬಿಸಿಲಿಗೆ ಬೇಗ ಆರುತ್ತದೆ, ಕಾತಿಯ ಹೊತ್ತಿಗೆ ಭತ್ತಕ್ಕೆ ಸಿಗುವುದಿಲ್ಲ.

ಈ ಏರ್ಪಾಡನ್ನು ಸ್ವರ್ಗವೆಂದು ಬಣ್ಣಿಸುವುದು ದೀಕ್ಷಿತರಂಥ ಶಿಸ್ತಿನ ಇತಿಹಾಸಕಾರರಿಗೆ ಸಲ್ಲಿಸುವ ಗೌರವವಾಗದು. ತೂಬು ಕಾಯುತ್ತಿದ್ದ ನೀರುಗಂಟಿಯ ಹೊಣೆ ವಂಶಪಾರಂಪರ್ಯವಾದದ್ದು. ಅದರಲ್ಲಿ ಜಾತಿಯ ಕಟ್ಟಳೆಯೂ ಇತ್ತು, ಕಣದಲ್ಲಿ ಕೈಯೊಡ್ಡಿ ನಿಲ್ಲುವ ದೈನ್ಯವೂ ಇತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಅಂತಹ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ್ದು ನ್ಯಾಯವೇ. ಅನ್ಯಾಯವಾದದ್ದು ಬೇರೆ ಕಡೆ: ಹುದ್ದೆ ಹೋದ ಮೇಲೆ ಅದರ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ. ಭೂಮಿ ಖಾಸಗಿಯಾಯಿತು, ಕೆರೆ ಸರ್ಕಾರದ್ದಾಯಿತು, ಹೂಳು ಮಾತ್ರ ಊರಿಗೆ ಉಳಿಯಿತು. 2002ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟಾಗ ಎದುರಾದದ್ದು ಹಳೆಯ ಪ್ರಶ್ನೆಯೇ. ಕಾಮಗಾರಿ ಮುಗಿದ ಮರುವರ್ಷ ತೂಬಿನ ಕಸ ತೆಗೆಯುವವರು ಯಾರು, ಅವರಿಗೆ ಯಾವ ಆದಾಯದಿಂದ ಕೂಲಿ?

ಸೊರಬ, ಶಿಕಾರಿಪುರದ ಸೀಮೆಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಶುಂಠಿಯ ಮಡಿಗಳು ಏಳುತ್ತಿರುವಾಗ ಮೊದಲ ಮಳೆಯ ಕೆಂಪುನೀರು ಎಲ್ಲಿಗೆ ಹೋಗುತ್ತದೆಂದು ಕೇಳಬೇಕಾಗಿಲ್ಲ. ಕೆರೆ ತುಂಬಿದರೂ ತೋಟದ ಬಾವಿಗೆ ಒರತೆ ಏರದಿದ್ದರೆ ರೈತ ಕೊಳವೆಬಾವಿಯ ಯಂತ್ರ ಕರೆಸುತ್ತಾನೆ. ಬಿಟ್ಟುವಟ್ಟದ ಅರ್ಥವನ್ನು ಗ್ರಾಮಸಭೆ ಇಂದು ತನ್ನದೇ ರೀತಿಯಲ್ಲಿ ಕಂಡುಕೊಳ್ಳದೆ ಗತಿಯಿಲ್ಲ. ಮೀನಿನ ಹರಾಜಿನ ಹಣವೋ, ಅಚ್ಚುಕಟ್ಟಿನವರ ವಂತಿಗೆಯೋ, ಯಾವುದಾದರೂ ಒಂದು ಪಾಲು ಕೆರೆಯ ಹೆಸರಿನಲ್ಲೇ ನಿಲ್ಲಬೇಕು.

ಶಿವಮೊಗ್ಗ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚು ಮಾಡಿಸಿದ್ದಾರೆ. ಊರಿನ ಹೆಸರು ಹಿಡಿದು ಹುಡುಕಿದರೆ ಏರಿಯ ಮೇಲೆ ಓರೆಯಾಗಿ ನಿಂತ ಕಲ್ಲಿನ ಪಾಠ ಅಲ್ಲಿ ಸಿಗಬಹುದು. ಈ ಬೇಸಿಗೆಯ ರಜೆಯಲ್ಲಿ ಕಾಲೇಜಿನ ಮಕ್ಕಳು ಅದನ್ನು ಬರೆದುಕೊಂಡು ಬಂದು ಕೆರೆಯ ಏರಿಯ ಮೇಲೆ ಊರವರ ಮುಂದೆ ಗಟ್ಟಿಯಾಗಿ ಓದಲಿ.