ಇನ್ನೊಂಚೂರು ಬಡಿಸುವ ಮುನ್ನ

ಮಕ್ಕಳೇ, ಊಟ ಬಡಿಸುವಾಗ ನಿಮ್ಮ ಅಜ್ಜಿ ಅತಿ ಹೆಚ್ಚು ಸಲ ಆಡುವ ಮಾತು ಯಾವುದು? ‘ಇನ್ನೊಂಚೂರು ಹಾಕಿಸ್ಕೋ’ ಅಲ್ಲವೇ? ಅಮೆರಿಕದಲ್ಲಿ ಒಂದು ತಿಂಡಿಯ ಹೆಸರೇ ‘ಇನ್ನೊಂಚೂರು’ ಎಂದರೆ ನಂಬುತ್ತೀರಾ? ಹೋದ ವರ್ಷ ಮಗಳ ಮನೆಗೆ ಹೋದಾಗ ಆ ತಿಂಡಿಯನ್ನು ನೋಡಿದೆ. ಜೊತೆಗೆ ಒಂದು ತಪ್ಪನ್ನೂ ಮಾಡಿದೆ. ಇಂದು ಎರಡನ್ನೂ ಹೇಳಿಬಿಡುತ್ತೇನೆ.

ಮಗಳು ಇರುವುದು ಮಿಷಿಗನ್ ರಾಜ್ಯದಲ್ಲಿ. ಬೇಸಿಗೆ ರಜೆ ಬಂದರೆ ಅಲ್ಲಿನ ಜನ ಕೆರೆ ದಂಡೆಯಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಕಳೆಯುತ್ತಾರೆ. ನಾವೂ ಹೋದೆವು. ಕತ್ತಲಾಗುತ್ತಲೇ ಅಳಿಯ ಕಬ್ಬಿಣದ ಬಳೆಯೊಳಗೆ ಸೌದೆ ಜೋಡಿಸಿ ಬೆಂಕಿ ಹಾಕಿದರು. ಪಕ್ಕದಲ್ಲಿ ಒಂದು ಬಕೆಟ್ ನೀರು. ಹತ್ತು ವರ್ಷದ ಮೊಮ್ಮಗಳು ಉದ್ದ ಕಡ್ಡಿಗೆ ಮಾರ್ಷ್‌ಮ್ಯಾಲೋ ಎಂಬ ಹತ್ತಿಯುಂಡೆಯಂಥ ಮಿಠಾಯಿ ಚುಚ್ಚಿ ಕೆಂಡದ ಮೇಲೆ ಹಿಡಿದಳು. ಅದು ಉಬ್ಬಿ ಕೆಂಪಗಾದ ಮೇಲೆ ಎರಡು ಬಿಸ್ಕತ್ತುಗಳ ನಡುವೆ ಚಾಕೊಲೇಟ್ ಜೊತೆ ಇಟ್ಟು ಒತ್ತಿದಳು. ಇದೇ ಸ್ಮೋರ್ಸ್. ‘ಸಮ್ ಮೋರ್’, ಅಂದರೆ ‘ಇನ್ನೂ ಸ್ವಲ್ಪ’, ಎಂಬುದೇ ಸವೆದು ಆದ ಹೆಸರು. ಅಲ್ಲಿನ ಗರ್ಲ್ ಸ್ಕೌಟ್ಸ್ ಸಂಸ್ಥೆಯ 1927ರ ಪುಸ್ತಕದಲ್ಲೇ ಇದನ್ನು ಮಾಡುವ ವಿಧಾನ ಅಚ್ಚಾಗಿದೆ.

ಇನ್ನೊಂದು ತಮಾಷೆ ಕೇಳಿ. ಆ ಬಿಸ್ಕತ್ತಿಗೆ ಗ್ರಹಾಂ ಕ್ರ್ಯಾಕರ್ ಎಂದು ಹೆಸರು. ಸಿಲ್ವೆಸ್ಟರ್ ಗ್ರಹಾಂ 19ನೇ ಶತಮಾನದ ಪಾದ್ರಿ. ಜರಡಿ ಹಿಡಿಯದ ಗೋಧಿ ಹಿಟ್ಟಿನ ರೊಟ್ಟಿ ತಿನ್ನಿ, ಸಾದಾ ಊಟ ಮಾಡಿ ಎಂದು ಊರೂರಿಗೆ ಬೋಧಿಸಿದವರು. ಅವರ ಹೆಸರಿನ ಬಿಸ್ಕತ್ತೇ ಇಂದು ಇಷ್ಟೊಂದು ಸಿಹಿ ಹೊತ್ತು ನಿಂತಿದೆ!

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ ಮಗಳಿಗೆ ತೂಕ ವಿಪರೀತವಾಗಿ, ಸಕ್ಕರೆ ಕಾಯಿಲೆಯೂ ಸೇರಿಕೊಂಡಿತ್ತು. ವೈದ್ಯರ ಸಲಹೆಯಂತೆ ಹಿಂದಿನ ವರ್ಷ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಹೊಟ್ಟೆಯ ಮೇಲ್ಭಾಗವನ್ನು ಕೋಳಿಮೊಟ್ಟೆಯಷ್ಟು ಪುಟ್ಟ ಚೀಲವಾಗಿ ಬೇರ್ಪಡಿಸಿ, ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ. ಸಿಹಿ ಹೆಚ್ಚು ತಿನ್ನಬಾರದು ಎಂದು ಅವಳು ನನಗೆ ಹೇಳಿಯೂ ಇದ್ದಳು. ಕೇಳಿಸಿಕೊಂಡಿದ್ದೆ, ಮನಸ್ಸಿಗೆ ತಂದುಕೊಂಡಿರಲಿಲ್ಲ.

ಮೊಮ್ಮಗಳು ಮೊದಲ ಸ್ಮೋರ್ಸ್ ಮಾಡಿದಾಗ ನಾನೇ ಅದನ್ನು ಮಗಳ ಕೈಗಿಟ್ಟು, “ತಗೊಳ್ಳಮ್ಮಾ, ಮಗು ಆಸೆಯಿಂದ ಮಾಡಿದೆ. ಒಂದು ತಿಂದರೆ ಏನಾಗತ್ತೆ?” ಎಂದೆ. ಅವಳು ಬೇಡವೆಂದಳು. ನಾನು ಬಿಡಲಿಲ್ಲ. ಅಪ್ಪನ ಮಾತಿಗೆ ತಿಂದಳು.

ಇಪ್ಪತ್ತು ನಿಮಿಷ ಆಗಿರಬೇಕು. ಅವಳ ಹಣೆ ಬೆವರಿತು. ಎದೆ ಡವಡವ, ತಲೆಸುತ್ತು, ಹೊಟ್ಟೆ ಹಿಂಡಿದ ಹಾಗೆ. ಡೇರೆಯೊಳಗೆ ಮಲಗಿಬಿಟ್ಟಳು. ಮೊಮ್ಮಗಳು ಅಳತೊಡಗಿದಳು. ಅಳಿಯ ಸಮಾಧಾನವಾಗಿ ವಿವರಿಸಿದರು: “ಇದಕ್ಕೆ ಡಂಪಿಂಗ್ ಅಂತಾರೆ ಮಾವ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದಾಗ ದೇಹ ಅಲ್ಲಿಗೆ ನೀರನ್ನು ಎಳೆದುಕೊಳ್ಳತ್ತೆ. ಅದಕ್ಕೇ ಹೀಗಾಗೋದು.” ಒಂದು ಗಂಟೆಯ ಮೇಲೆ ಸರಿಹೋಯಿತು. ಆ ಒಂದು ಗಂಟೆ ನಾನು ಬೆಂಕಿಯ ಮುಂದೆ ಕೂತು ಯಾರ ಮುಖವನ್ನೂ ನೋಡಲಿಲ್ಲ.

ಮಲಗುವ ಮುನ್ನ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. “ತಾತ, ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇದೆ, ಅದು ಪ್ರಾಣಿಯಿಂದ ಬರತ್ತೆ ಅಂತ ನೀವು ತಿನ್ನಲಿಲ್ಲ. ನಾವು ಒತ್ತಾಯ ಮಾಡಿದ್ವಾ?” ಎಂದಳು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಈ ಲೆಕ್ಕ ಹೊಳೆದಿರಲಿಲ್ಲ.

ಮರುದಿನ ಅವಳೂ ನಾನೂ ಅಂಗಡಿಗೆ ಹೋಗಿ ಸಕ್ಕರೆಯಿಲ್ಲದ ಮಾರ್ಷ್‌ಮ್ಯಾಲೋ, ಸಕ್ಕರೆಯಿಲ್ಲದ ಚಾಕೊಲೇಟ್ ತಂದೆವು. ಪೊಟ್ಟಣದ ಹಿಂಭಾಗವನ್ನು ಪಾಸ್‌ಬುಕ್ಕಿನಂತೆ ಸಾಲುಸಾಲಾಗಿ ಓದಿದೆ. ಸಕ್ಕರೆಯ ಬದಲು ಮಾಲ್ಟಿಟಾಲ್ ಎಂದಿತ್ತು. ಇದು ಶುಗರ್ ಆಲ್ಕೋಹಾಲ್ ಎಂಬ ಗುಂಪಿನದು. ಹೆದರಬೇಡಿ, ಹೆಂಡವಲ್ಲ! ಆದರೆ ‘ಸಕ್ಕರೆಯಿಲ್ಲ’ ಎಂದು ಮನಸೋ ಇಚ್ಛೆ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಅದೇ ಗುಂಪಿನ ಜೈಲಿಟಾಲ್ ಎಂಬುದು ನಾಯಿಗಳಿಗೆ ವಿಷ. ಪಕ್ಕದ ಡೇರೆಯಲ್ಲಿ ನಾಯಿ ಇತ್ತು. ಹಾಗಾಗಿ ಜೈಲಿಟಾಲ್ ಇರುವ ಪೊಟ್ಟಣವನ್ನು ನಾವು ಮುಟ್ಟಲೇ ಇಲ್ಲ.

ಸಂಜೆ ಮೊಮ್ಮಗಳು ಸೇಬಿನ ಹೋಳುಗಳಿಗೆ ದಾಲ್ಚಿನ್ನಿ ಪುಡಿ ಉದುರಿಸಿ, ಬೆಳ್ಳಿ ಕಾಗದದಲ್ಲಿ ಸುತ್ತಿ ಕೆಂಡದ ಅಂಚಿನಲ್ಲಿಟ್ಟು ಮೆತ್ತಗೆ ಬೇಯಿಸಿದಳು. ಬಿಸ್ಕತ್ತಿನ ಬದಲು ಎರಡು ಹೋಳು, ನಡುವೆ ಒಂದು ಪುಟ್ಟ ಮಾರ್ಷ್‌ಮ್ಯಾಲೋ, ಉಗುರಿನಷ್ಟು ಚಾಕೊಲೇಟ್. ಮಗಳು ಚಿಕ್ಕ ಚಿಕ್ಕ ತುತ್ತಾಗಿ ಅಗಿದು, ಕಾಲು ಗಂಟೆ ತೆಗೆದುಕೊಂಡು ತಿಂದಳು. ಜೊತೆಗೆ ನೀರು ಕುಡಿಯಲಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿದಳು. ಅರ್ಧ ತಿಂದ ಮೇಲೆ “ಸಾಕು” ಎಂದಳು. ನನ್ನ ನಾಲಿಗೆಯ ತುದಿಗೆ ‘ಇನ್ನೊಂಚೂರು’ ಬಂದಿತ್ತು, ನುಂಗಿಕೊಂಡೆ. ನನಗೂ ಅದೇ ಕೆಂಡದ ಸೇಬು. ಆ ರಾತ್ರಿ ಅವಳು ಹತ್ತು ಗಂಟೆಯವರೆಗೂ ನಮ್ಮೊಡನೆ ಬೆಂಕಿಯ ಮುಂದೆ ಕೂತು ನಗುತ್ತಿದ್ದಳು.

ಅಜ್ಜ ಅಜ್ಜಿಯರೇ, ನಮ್ಮಲ್ಲೂ ಬೆಂಕಿಯ ಸುತ್ತ ತಿನ್ನುವ ಸುಖ ಕಡಿಮೆಯೇ? ಮಲೆನಾಡಿನಲ್ಲಿ ಸುಟ್ಟ ಹಲಸಿನ ಬೀಜ, ಉತ್ತರ ಕರ್ನಾಟಕದ ಹೊಲಗಳಲ್ಲಿ ಸೀತನಿ, ಎಲ್ಲೆಡೆ ಗೆಣಸು. ಮುಂದಿನ ಸಲ ಹಾಗೆ ಕೂತಾಗ, ಇಂಥ ಶಸ್ತ್ರಚಿಕಿತ್ಸೆ ಆದವರಿಗೆ ಯಾವುದು ಆಗುತ್ತದೆ, ಎಷ್ಟು ಆಗುತ್ತದೆ ಎಂದು ಅವರನ್ನೇ ಕೇಳಿ. ಅವರ ವೈದ್ಯರು ಹೇಳಿದ್ದೇ ಲೆಕ್ಕ, ನಮ್ಮ ಒತ್ತಾಯವಲ್ಲ.

ಮಕ್ಕಳೇ, ನಿಮಗೊಂದು ಕೆಲಸ. ಈ ಭಾನುವಾರ ಮನೆಯ ಪ್ರತಿಯೊಬ್ಬರನ್ನೂ ಕೇಳಿ, ಯಾರಿಗೆ ಯಾವ ತಿಂಡಿ ಆಗುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ನಮ್ಮ ಮನೆಯ ಹಾಳೆಯನ್ನು ನಾನೇ ಬರೆದೆ. ಮೊದಲ ಸಾಲಿನಲ್ಲಿ ಮಗಳ ಹೆಸರಿದೆ.